ಆರತಕ್ಷತೆಗೆ ಯಾವ ಹಾಡಿನ ಆಟ? ಮಂಗಳೂರು, ಉಡುಪಿ ಕಡೆಯವರಿಗೊಂದು ಹೋಲಿಕೆ

ದಿಬ್ಬಣ ಬಂದು ಮುಟ್ಟಿದೆ. ಶರಬತ್ತು ಹಂಚಿ ಆಗಿದೆ. ಹಾಲ್‌ನ ಕುರ್ಚಿ ಮುಕ್ಕಾಲು ಭಾಗ ತುಂಬಿದೆ. ಮದುಮಕ್ಕಳು ಮಾತ್ರ ಇನ್ನೂ ಮಲ್ಪೆಯ ಮರಳಿನಲ್ಲೋ ಪಣಂಬೂರಿನ ಕಡಲ ಬದಿಯಲ್ಲೋ ಫೋಟೊಗೆ ನಿಂತಿದ್ದಾರೆ. ಬಂದವರು ಮೊಬೈಲ್ ತೆರೆಯುತ್ತಾರೆ, ಊಟದ ಹಾಲ್‌ನ ಬಾಗಿಲ ಕಡೆ ಕತ್ತು ಹಾಯಿಸುತ್ತಾರೆ. ಗಂಡಿನ ಕಡೆಯವರು ಒಂದು ಬದಿ, ಹೆಣ್ಣಿನ ಕಡೆಯವರು ಇನ್ನೊಂದು ಬದಿ. ನಡುವಿನ ದಾರಿ ದಾಟಿ ಮಾತಾಡಿಸುವವರಿಲ್ಲ. ಹಾಡಿನ ಆಟಕ್ಕೆ ಸಿಗುವುದು ಈ ಅರ್ಧ ಗಂಟೆ. ಮದುಮಕ್ಕಳು ವೇದಿಕೆ ಹತ್ತಿದ ಮೇಲೆ ಫೋಟೊದ ಸಾಲು ಶುರುವಾಗುತ್ತದೆ, ಆಮೇಲೆ ಊಟದ ಸಾಲು. ಆಗ ಮೈಕಿನಲ್ಲಿ ಎಷ್ಟು ಕೂಗಿದರೂ ಯಾರೂ ತಿರುಗಿ ನೋಡುವುದಿಲ್ಲ.

ನಮ್ಮ ಕುಟುಂಬದ ಮತ್ತು ಸ್ನೇಹಿತರ ಮದುವೆಗಳಲ್ಲಿ ಮೈಕ್ ಹಿಡಿಯುವ ಕೆಲಸ ಹನ್ನೆರಡು ವರ್ಷದಿಂದ ನನ್ನ ಪಾಲಿಗೆ ಬಂದಿದೆ. ಕಾರ್ಕಳ, ಕಾಪು, ಮೂಡುಬಿದಿರೆ, ಕುಂದಾಪುರ, ಮಂಗಳೂರು ಪೇಟೆ ಎಲ್ಲ ಕಡೆ ಮಾಡಿದ್ದೇನೆ. ಆಟ ಆರಿಸುವಾಗ ನಾನು ನೋಡುವುದು ಮೂರನೇ ಸಾಲಿನಲ್ಲಿ ಕೂತ ದೊಡ್ಡಮ್ಮನನ್ನು. ಆಕೆ ವೇದಿಕೆಗೆ ಬರುವುದಿಲ್ಲ, ಮೈಕ್ ಕೊಟ್ಟರೆ ಕೈ ಅಡ್ಡ ಹಿಡಿಯುತ್ತಾರೆ. ಆಕೆ ಕೂತಲ್ಲಿಂದಲೇ ಸೇರಿಕೊಳ್ಳಬಹುದಾದ ಆಟವಾದರೆ ಇಡೀ ಹಾಲ್ ಸೇರಿಕೊಳ್ಳುತ್ತದೆ. ಕೆಳಗಿನ ಎಲ್ಲ ಆಟಗಳನ್ನೂ ನಾನು ಅಳೆದಿರುವುದು ಇದೇ ಅಳತೆಯಲ್ಲಿ.

ಸ್ಯಾಕ್ಸೊಫೋನ್‌ನಲ್ಲಿ ಹಾಡು ಗುರುತಿಸುವುದು

ನನ್ನ ಮೊದಲ ಆಯ್ಕೆ ಇದು. ನಮ್ಮ ಕರಾವಳಿಗೆ ಇದರಷ್ಟು ಹೊಂದುವ ಆಟ ಇನ್ನೊಂದಿಲ್ಲ. ಘಟ್ಟದ ಮೇಲೆ ಮುಹೂರ್ತಕ್ಕೆ ನಾಗಸ್ವರ ಹೇಗೋ ನಮ್ಮಲ್ಲಿ ಸ್ಯಾಕ್ಸೊಫೋನ್ ಹಾಗೆ. ಬಂಟ್ವಾಳದ ಕಡೆಯ ಕದ್ರಿ ಗೋಪಾಲನಾಥರು ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಕೇಳಿದ ಈ ವಾದ್ಯಕ್ಕೆ ಮನಸೋತು ಕರ್ನಾಟಕ ಸಂಗೀತವನ್ನು ಅದರಲ್ಲಿ ನುಡಿಸಿದರು. 2004ರಲ್ಲಿ ಪದ್ಮಶ್ರೀ ಬಂತು, 2019ರಲ್ಲಿ ತೀರಿಕೊಂಡರು. ಅವರ ಹಾದಿ ಹಿಡಿದ ವಾದಕರು ಈಗ ಊರೂರಿನಲ್ಲಿದ್ದಾರೆ. ಹಾಗಾಗಿ ಬೆಳಗ್ಗೆ ತಾಳಿ ಕಟ್ಟುವ ಹೊತ್ತಿಗೆ ಊದಿದ ತಂಡ ಎಷ್ಟೋ ಸಲ ಆರತಕ್ಷತೆಗೂ ಇರುತ್ತದೆ. ಬೇರೆ ಯಾರನ್ನೂ ಕರೆಸಬೇಕಾಗಿಲ್ಲ.

ಆಟ ಸರಳ. ವಾದಕರು ಒಂದು ಹಾಡಿನ ಐದಾರು ಸೆಕೆಂಡಿನ ತುಣುಕು ಊದುತ್ತಾರೆ, ಗೊತ್ತಾದವರು ಕೈ ಎತ್ತುತ್ತಾರೆ. ಯಾರಿಗೂ ಗೊತ್ತಾಗದಿದ್ದರೆ ಇನ್ನೊಂದು ಸಾಲು. ಉತ್ತರ ಹೇಳಿದವರೇ ಹಾಡಬೇಕೆಂದಿಲ್ಲ, ಹೆಸರು ಹೇಳಿದರೆ ಸಾಕು. ಆದರೆ ಉತ್ತರ ಸರಿಯಾದ ಕೂಡಲೇ ವಾದಕರು ಪಲ್ಲವಿಯನ್ನು ಪೂರ್ತಿ ಊದಬೇಕು. ಅಲ್ಲಿಯೇ ಹಾಲ್ ತಾನಾಗಿ ಗುನುಗತೊಡಗುತ್ತದೆ.

ತುಣುಕುಗಳನ್ನು ಬೆರೆಸುವುದರಲ್ಲಿ ಎಲ್ಲವೂ ಇದೆ. ನಾನು ಹನ್ನೆರಡು ತುಣುಕು ಇಟ್ಟುಕೊಳ್ಳುತ್ತೇನೆ. ನಾಲ್ಕು ಹಳೆಯ ಕನ್ನಡ ಸಿನಿಮಾದ್ದು, ಎರಡು ತುಳು, ಎರಡು ಕೊಂಕಣಿ, ಒಂದು ದಾಸರ ಪದ, ಒಂದು ಹಿಂದಿ, ಒಂದು ಈ ವರ್ಷದ್ದು. ಕೊನೆಯದು ಯಕ್ಷಗಾನದ ಪದ್ಯದ ಧಾಟಿ. ಕಾಪುವಿನ ಹತ್ತಿರದ ಒಂದು ಮದುವೆಯಲ್ಲಿ ಆ ಕೊನೆಯ ತುಣುಕಿಗೆ ಇಡೀ ಹಾಲ್ ಸುಮ್ಮನಾಯಿತು. ಹಿಂದೆ ಗೋಡೆಗೆ ಒರಗಿ ಕೂತಿದ್ದ ಒಬ್ಬ ಅಜ್ಜ, ಊರುಗೋಲು ಮೊಣಕಾಲಿನ ನಡುವೆ ಇಟ್ಟುಕೊಂಡವರು, ಪ್ರಸಂಗದ ಹೆಸರು ಮಾತ್ರ ಅಲ್ಲ, ಅದು ಯಾವ ಪಾತ್ರದ ಪ್ರವೇಶ ಎಂದೂ ಹೇಳಿದರು. ಊರುಗೋಲಿನಿಂದ ನೆಲಕ್ಕೆ ತಾಳ ಹಾಕುತ್ತಲೇ ಇದ್ದರು. ಎದುರು ಬದಿಯಿಂದ ಮದುಮಗಳ ಸೋದರಮಾವ ಎದ್ದು ಬಂದು, "ಅಜ್ಜಾ, ನೀವು ಯಾವ ಮೇಳದಲ್ಲಿ ಇದ್ದದ್ದು?" ಎಂದು ಕೇಳಿ ಪಕ್ಕದಲ್ಲೇ ಕೂತರು. ಊಟಕ್ಕೂ ಇಬ್ಬರು ಒಟ್ಟಿಗೇ ಹೋದರು.

ಒಂದು ಎಚ್ಚರಿಕೆ. ವಾದಕರಿಗೆ ಎರಡು ದಿನ ಮೊದಲೇ ಪಟ್ಟಿ ಕೊಡಿ, ಹೆಚ್ಚುವರಿ ಸಂಭಾವನೆ ಮೊದಲೇ ಮಾತಾಡಿ. ಬೆಳಗ್ಗೆಯಿಂದ ಊದಿ ತುಟಿ ದಣಿದವರಿಗೆ ಸಂಜೆ ಹಠಾತ್ತಾಗಿ "ಇನ್ನೊಂದು ನಾಲ್ಕು ಹಾಡು" ಎನ್ನುವುದು ತಪ್ಪು. ತಂಡ ಇಲ್ಲದಿದ್ದರೆ ಕೀಬೋರ್ಡ್ ನುಡಿಸುವ ಒಬ್ಬ ಹುಡುಗ ಸಾಕು. ಅದೂ ಇಲ್ಲವಾದರೆ ಮೊಬೈಲಿನಲ್ಲಿ ತುಣುಕು ಕತ್ತರಿಸಿಟ್ಟುಕೊಳ್ಳಬಹುದು, ಆದರೆ ಹಾಡಿನ ಮೂಲ ಧ್ವನಿಮುದ್ರಣ ಕೇಳಿದರೆ ಒಂದೇ ಸೆಕೆಂಡಿಗೆ ಗೊತ್ತಾಗಿಬಿಡುತ್ತದೆ, ಹುಡುಕುವ ಸುಖ ಇರುವುದಿಲ್ಲ.

ಅಂತ್ಯಾಕ್ಷರಿ

ಎರಡನೆಯ ಸ್ಥಾನ ಇದಕ್ಕೆ. ಖರ್ಚಿಲ್ಲ, ವಾದ್ಯ ಬೇಡ, ಎಲ್ಲರಿಗೂ ಗೊತ್ತು. ಆದರೂ ಇದನ್ನು ಮೊದಲಿಗೆ ಇಡದೇ ಇರಲು ಕಾರಣ, ನಿಯಮ ಸಡಿಲವಾದರೆ ಇದು ಐದೇ ನಿಮಿಷದಲ್ಲಿ ಐದಾರು ಕಾಲೇಜು ಮಕ್ಕಳ ಆಟವಾಗಿ ಉಳಿಯುತ್ತದೆ. ಅವರು ಹಿಂದಿಗೆ ಹಾರುತ್ತಾರೆ, ಹಿರಿಯರು ಬಿಟ್ಟುಬಿಡುತ್ತಾರೆ. ಅದಕ್ಕೆ ನಾನು ಮೂರು ನಿಯಮ ಹಾಕುತ್ತೇನೆ.

ಒಂದೇ ಭಾಷೆಯ ಎರಡು ಹಾಡು ಸಾಲಾಗಿ ಬರಬಾರದು. ನಮ್ಮ ಹಾಲ್‌ಗಳಲ್ಲಿ ತುಳು, ಕನ್ನಡ, ಕೊಂಕಣಿ, ಬ್ಯಾರಿ, ಮಲಯಾಳ, ಹಿಂದಿ ಎಲ್ಲ ಬಲ್ಲವರು ಪಕ್ಕಪಕ್ಕ ಕೂತಿರುತ್ತಾರೆ. ಈ ಒಂದು ನಿಯಮದಿಂದ ಯಾರೂ ಹೊರಗೆ ಉಳಿಯುವುದಿಲ್ಲ, ಭಾಷೆ ಬಲ್ಲ ಹಿರಿಯರನ್ನು ಮಕ್ಕಳೇ ಹುಡುಕಿಕೊಂಡು ಹೋಗುತ್ತಾರೆ. ಎರಡನೆಯದು, ಕೊನೆಯ ಅಕ್ಷರದ ಕಾಗುಣಿತ ಲೆಕ್ಕಕ್ಕಿಲ್ಲ; 'ರು' ಬಂದರೆ ರ, ರಾ, ರಿ ಯಾವುದಾದರೂ ಆದೀತು. ಮೂರನೆಯದು ಳ, ಣ ಸಮಸ್ಯೆ. ಅವಳು, ಬಂದಳು, ಹೂಗಳು ಎಂದು ನಮ್ಮ ಹಾಡಿನ ಸಾಲುಗಳು ಎಷ್ಟೋ ಸಲ 'ಳು'ವಿನಲ್ಲಿ ನಿಲ್ಲುತ್ತವೆ. ಕನ್ನಡದಲ್ಲಿ ಳ, ಣದಿಂದ ಶುರುವಾಗುವ ಪದವೇ ಇಲ್ಲ. ಮೊದಲೇ ಹೇಳಿಬಿಡಿ: ಳ ಬಂದರೆ ಲ, ಣ ಬಂದರೆ ನ. ಹೇಳದಿದ್ದರೆ ಜಗಳ ಖಂಡಿತ.

ಲ ಕೂಡ ಸುಲಭವಲ್ಲ. ಕಾರ್ಕಳದ ಕಡೆಯ ಒಂದು ಮದುವೆಯಲ್ಲಿ ಗಂಡಿನ ತಮ್ಮ ಬೇಕೆಂದೇ 'ಳು'ವಿನಲ್ಲಿ ತಂದು ನಿಲ್ಲಿಸಿದ. ಎದುರಿನವರು ತಡಕಾಡಿದರು, ಈ ಕಡೆಯಿಂದ ಹತ್ತರವರೆಗೆ ಎಣಿಸತೊಡಗಿದರು. ಏಳು ಎನ್ನುವಾಗ ನಾಲ್ಕನೇ ಸಾಲಿನ ಒಬ್ಬ ಅಜ್ಜಿ ಎಲೆ ಅಡಿಕೆಯ ಸಂಚಿ ಕಟ್ಟುತ್ತಾ, ಮೈಕ್ ಬರುವವರೆಗೂ ಕಾಯದೆ, ಒಂದು ಲಾಲಿ ಹಾಡು ಎತ್ತಿಕೊಂಡರು. ಸಣ್ಣ ಸ್ವರ, ಹತ್ತಿರದ ಎರಡು ಸಾಲಿಗೆ ಮಾತ್ರ ಕೇಳುವಷ್ಟು. ಎರಡನೇ ಸಾಲಿಗೆ ಅಕ್ಕಪಕ್ಕದ ಹೆಂಗಸರು ಸೇರಿದರು, ಮತ್ತೆ ಗಂಡಿನ ಕಡೆಯ ಅತ್ತೆಯಂದಿರೂ ಸೇರಿದರು. ಎಣಿಸುತ್ತಿದ್ದ ಹುಡುಗರು ಎಣಿಕೆ ಮರೆತು ಕೇಳುತ್ತ ನಿಂತರು. ಆ ಸುತ್ತಿಗೆ ಅಂಕ ಹಾಕಲು ನನಗೆ ಮನಸ್ಸು ಬರಲಿಲ್ಲ.

ತಂಡ ಮಾಡುವಾಗ ಗಂಡಿನ ಕಡೆ, ಹೆಣ್ಣಿನ ಕಡೆ ಎಂದು ಮಾತ್ರ ಮಾಡಬೇಡಿ. ಸೋತ ಕಡೆಯವರಿಗೆ ಎಲ್ಲೋ ಒಂದು ಸಣ್ಣ ಬೇಸರ ಉಳಿಯುತ್ತದೆ, ಹೊಸ ಸಂಬಂಧದಲ್ಲಿ ಅದು ಬೇಡ. ಹಾಲ್‌ನ ಮುಂದಿನ ಅರ್ಧ ಒಂದು ತಂಡ, ಹಿಂದಿನ ಅರ್ಧ ಇನ್ನೊಂದು ಎಂದರೆ ಎರಡೂ ಕಡೆಯವರು ಎರಡೂ ತಂಡದಲ್ಲಿ ಬರುತ್ತಾರೆ. ಎರಡು ಕಾರ್ಡ್‌ಲೆಸ್ ಮೈಕ್, ಅವುಗಳಿಗೆ ಹೊಸ ಸೆಲ್, ಅವನ್ನು ಹಿಡಿದು ಓಡಾಡಲು ಚುರುಕಿನ ಇಬ್ಬರು ಮಕ್ಕಳು ಇದ್ದರೆ ಆಯಿತು.

ಪಾರ್ಸೆಲ್ ಆಟವೋ, ಕುರ್ಚಿ ಆಟವೋ?

ಎರಡರಲ್ಲೂ ಹಾಡು ನಿಂತಾಗ ಯಾರು ಸಿಕ್ಕಿಕೊಂಡರು ಎಂಬುದೇ ಗಮ್ಮತ್ತು. ಆದರೆ ಮದುವೆ ಹಾಲ್‌ಗೆ ಇವೆರಡೂ ಸಮ ಅಲ್ಲ. ಕುರ್ಚಿ ಆಟದಲ್ಲಿ ಏಳೆಂಟು ಜನ ಆಡುತ್ತಾರೆ, ಉಳಿದವರು ನೋಡುತ್ತಾರೆ. ಅದೂ ರೇಷ್ಮೆ ಸೀರೆ, ಹೊಸ ಚಪ್ಪಲಿ, ನುಣುಪಾದ ಟೈಲ್ಸ್. ಒಂದು ಹಾಲ್‌ನಲ್ಲಿ ನಮ್ಮ ಚಿಕ್ಕಮ್ಮ ಓಡುವ ಭರದಲ್ಲಿ ಜಾರಿ ಕೈ ಊರಿದವರು ಮೂರು ವಾರ ಮಣಿಕಟ್ಟಿಗೆ ಪಟ್ಟಿ ಹಾಕಿಕೊಂಡಿದ್ದರು. ಅಂದಿನಿಂದ ದೊಡ್ಡವರಿಗೆ ನಾನು ಈ ಆಟ ಆಡಿಸಿಲ್ಲ. ಹತ್ತು ಹನ್ನೆರಡು ವರ್ಷದೊಳಗಿನ ಮಕ್ಕಳಿಗೆ, ಬರಿಗಾಲಿನಲ್ಲಿ, ಹಾಲ್‌ನ ಒಂದು ಮೂಲೆಯಲ್ಲಿ ಆಡಿಸಿ. ಮಕ್ಕಳಿಗೆ ಇದಕ್ಕಿಂತ ಇಷ್ಟದ ಆಟ ಇಲ್ಲ.

ಪಾರ್ಸೆಲ್ ಆಟಕ್ಕೆ ಯಾರೂ ಏಳಬೇಕಾಗಿಲ್ಲ. ಹಳೆಯ ಪೇಪರಿನಲ್ಲಿ ಹತ್ತು ಸುತ್ತು ಸುತ್ತಿದ ಪೊಟ್ಟಣ, ಪ್ರತಿ ಸುತ್ತಿನಲ್ಲಿ ಒಂದು ಚೀಟಿ. ಹಾಡು ಇರುವಷ್ಟು ಹೊತ್ತು ಪೊಟ್ಟಣ ಕೈಯಿಂದ ಕೈಗೆ ಹೋಗುತ್ತದೆ, ಹಾಡು ನಿಂತಾಗ ಅದು ಯಾರ ಕೈಯಲ್ಲಿದೆಯೋ ಅವರು ಒಂದು ಸುತ್ತು ಬಿಚ್ಚಿ ಚೀಟಿಯಲ್ಲಿ ಬರೆದದ್ದನ್ನು ಮಾಡಬೇಕು. ಹಾಡು ನಿಲ್ಲಿಸುವವನು ಸಭೆಗೆ ಬೆನ್ನು ಹಾಕಿ ನಿಲ್ಲಬೇಕು, ಇಲ್ಲದಿದ್ದರೆ ಬೇಕಾದವರ ಕೈಯಲ್ಲೇ ನಿಲ್ಲಿಸಿದ ಎಂಬ ಮಾತು ಬರುತ್ತದೆ. ಐನೂರು ಜನರ ಹಾಲ್ ಆದರೆ ಎರಡು ತುದಿಯಿಂದ ಎರಡು ಪೊಟ್ಟಣ ಬಿಡಿ. ಚೀಟಿಯಲ್ಲಿ ಏನು ಬರೆಯುತ್ತೀರಿ ಎಂಬುದರ ಮೇಲೆ ಆಟ ನಿಂತಿದೆ. "ಕುಣಿದು ತೋರಿಸಿ" ಎಂಬ ಚೀಟಿ ಬಂದಾಗ ಮುಖ ಬಾಡಿದ ಹಿರಿಯರನ್ನು ನೋಡಿದ್ದೇನೆ, ಅಂಥದ್ದು ಬೇಡವೇ ಬೇಡ. ನಾನು ಬರೆಯುವುದು ಹೀಗೆ: "ಎದುರು ಬದಿಯಲ್ಲಿ ನಿಮಗೆ ಪರಿಚಯವಿಲ್ಲದ ಒಬ್ಬರ ಹೆಸರು ಕೇಳಿ, ಆ ಹೆಸರಿನ ಮೊದಲ ಅಕ್ಷರದ ಹಾಡಿನ ಒಂದು ಸಾಲು ಹೇಳಿ. ಹಾಡಲು ಆಗದಿದ್ದರೆ ಮಾತಿನಲ್ಲೇ ಹೇಳಿದರೂ ಆದೀತು." ಕೊನೆಯ ಸುತ್ತಿನೊಳಗೆ ಒಂದು ಚೆಂಡು ಶಂಕರಪುರ ಮಲ್ಲಿಗೆ ಇಟ್ಟು ನೋಡಿ. ಸೀಸನ್‌ನಲ್ಲಿ ದರ ಏರಿದ್ದರೂ ಪೊಟ್ಟಣ ಬಿಚ್ಚುವಾಗ ಬರುವ ಆ ಪರಿಮಳಕ್ಕೆ ಸಾಲಿಗೆ ಸಾಲೇ ತಿರುಗುತ್ತದೆ.

ಕರಾವೋಕೆ

ಮಂಗಳೂರಿನಲ್ಲಿ ಕರಾವೋಕೆ ಹುಚ್ಚು ಜೋರಾಗಿದೆ, ಚೆನ್ನಾಗಿ ಹಾಡುವವರು ಪ್ರತಿ ಕುಟುಂಬದಲ್ಲೂ ಇಬ್ಬರಾದರೂ ಸಿಗುತ್ತಾರೆ. ಆದರೂ ಅತಿಥಿಗಳ ಆಟವಾಗಿ ಇದನ್ನು ನಾನು ಕೆಳಗೆ ಇಡುತ್ತೇನೆ. ಒಬ್ಬರು ಹಾಡುತ್ತಾರೆ, ನಾಲ್ಕೂವರೆ ನಿಮಿಷ ಉಳಿದವರು ಕೇಳುತ್ತಾರೆ. ಮೈಕ್ ಸಿಕ್ಕಿದವರು ಎರಡನೆಯ ಹಾಡಿಗೂ ನಿಲ್ಲುತ್ತಾರೆ, ಇಳಿಯಿರಿ ಎನ್ನಲು ನಮಗೆ ಬಾಯಿ ಬರುವುದಿಲ್ಲ.

ಇಡಲೇಬೇಕೆಂದರೆ ಕೆಲವು ತಾಂತ್ರಿಕ ವಿಷಯ ನೋಡಿಕೊಳ್ಳಿ. ಬ್ಲೂಟೂತ್ ಸ್ಪೀಕರ್ ಬೇಡ, ಫೋನಿನಿಂದ ಮಿಕ್ಸರ್‌ಗೆ ವೈರ್ ಹಾಕಿ. ಬ್ಲೂಟೂತ್‌ನಲ್ಲಿ ಶಬ್ದ ಒಂದು ಕ್ಷಣ ತಡವಾಗಿ ಬರುತ್ತದೆ. ಪರದೆಯ ಮೇಲಿನ ಅಕ್ಷರ ನೋಡಿ ಹಾಡುವವರು ತಾಳ ಸಿಗದೆ ಒದ್ದಾಡುತ್ತಾರೆ, ತಪ್ಪು ತಮ್ಮದೇ ಎಂದುಕೊಂಡು ಪಾಪ ಕುಗ್ಗುತ್ತಾರೆ. ಟ್ರ್ಯಾಕ್‌ಗಳನ್ನು ಮೊದಲೇ ಇಳಿಸಿಟ್ಟುಕೊಳ್ಳಿ, ಫೋನನ್ನು ಫ್ಲೈಟ್ ಮೋಡಿಗೆ ಹಾಕಿ. ಯೂಟ್ಯೂಬಿನಿಂದ ನೇರ ಹಾಕಿದರೆ ಚರಣದ ನಡುವೆ ಜಾಹೀರಾತು ಬರುತ್ತದೆ. ಮೂಲ ಹಾಡಿನ ಶ್ರುತಿ ಎತ್ತರದಲ್ಲಿದ್ದರೆ ಎರಡು ಮನೆ ಇಳಿಸಿ. ಒಬ್ಬರಿಗೆ ಒಂದು ಪಲ್ಲವಿ, ಒಂದು ಚರಣ ಮಾತ್ರ. ಪಲ್ಲವಿಗೆ ಸಭೆಯೆಲ್ಲ ಸೇರಬೇಕು ಎಂದು ಮೊದಲೇ ಸಾರಿ.

ಬೈಲಾ, ತಾಸೆ, ಡಿಜೆ

ಕ್ರೈಸ್ತ ಬಾಂಧವರ ಆರತಕ್ಷತೆಯಲ್ಲಿ ನೃತ್ಯ ಕಾರ್ಯಕ್ರಮದ ಅಂಗವೇ ಆಗಿದೆ. ಅಲ್ಲಿ ಬ್ಯಾಂಡ್ ಬೈಲಾ ಎಂಬ ಕುಣಿತದ ಹಾಡು ಎತ್ತಿದರೆ ಅರವತ್ತು ದಾಟಿದವರೂ ಎದ್ದು ಬರುತ್ತಾರೆ, ಬೇರೆ ಆಟ ಹುಡುಕುವ ಅಗತ್ಯವೇ ಇಲ್ಲ. ಉಳಿದ ಕಡೆ ಡಿಜೆ ಮೆಹಂದಿ ರಾತ್ರಿಗೆ ಸರಿ. ಆರತಕ್ಷತೆಯಲ್ಲಿ ಬಾಸ್ ಎದೆಗೆ ಬಡಿಯುವಾಗ ಪಕ್ಕದವರ ಮಾತು ಕೇಳುವುದಿಲ್ಲ, ಇಪ್ಪತ್ತು ಹುಡುಗರು ಕುಣಿಯುತ್ತಾರೆ, ಹಿರಿಯರು ಊಟ ಮಾಡಿ ಹೊರಡುತ್ತಾರೆ.

ಕುಣಿಸಲೇಬೇಕೆಂದರೆ ಹುಲಿವೇಷದ ಜೊತೆ ಬಾರಿಸುವ ಚರ್ಮವಾದ್ಯ ತಾಸೆಯ ಪೆಟ್ಟು ನನಗೆ ಇಷ್ಟ. ನವರಾತ್ರಿಯ ಹುಲಿವೇಷಗಳನ್ನು, ಉಡುಪಿಯ ಕೃಷ್ಣಾಷ್ಟಮಿಯ ವಿಟ್ಲಪಿಂಡಿ ಉತ್ಸವವನ್ನು ನೋಡಿ ಬೆಳೆದ ನಮಗೆಲ್ಲ ಆ ಪೆಟ್ಟು ಕಿವಿಗೆ ಬಿದ್ದರೆ ಹೆಜ್ಜೆ ಕಲಿಸಬೇಕಾಗಿಲ್ಲ. ತಾಸೆ ನಿಂತ ಕೂಡಲೇ ಇದ್ದ ಭಂಗಿಯಲ್ಲೇ ಕಲ್ಲಾಗಿ ನಿಲ್ಲಬೇಕು, ಅಲುಗಿದವರು ಹೊರಗೆ. ಐದು ನಿಮಿಷ ಸಾಕು. ಪೆಟ್ಟನ್ನಷ್ಟೇ ತನ್ನಿ, ವೇಷವನ್ನು ತರಬೇಡಿ. ಹುಲಿವೇಷ ಎಷ್ಟೋ ಮನೆಗಳಿಗೆ ಹರಕೆಯ ಸೇವೆ, ಬಣ್ಣ ಹಚ್ಚುವ ಮೊದಲು ಪೂಜೆ ಇರುತ್ತದೆ.

ನಮ್ಮಲ್ಲೇ ಇದ್ದ ಆಟಗಳು

ಹಾಡಿನ ಆಟ ಮದುವೆಗೆ ಹೊಸದಾಗಿ ಬಂದದ್ದಲ್ಲ. ಬ್ರಾಹ್ಮಣರ ಮನೆಗಳಲ್ಲಿ ಉರುಟಣೆ ಇತ್ತು. ವಧೂವರರು ಒಬ್ಬರಿಗೊಬ್ಬರು ಅರಿಶಿನ ಹಚ್ಚುತ್ತಿದ್ದರೆ ಸುತ್ತ ಕೂತ ಹೆಂಗಸರು ಹಾಡಿನಲ್ಲೇ ಕೆಣಕುತ್ತಿದ್ದರು. ಬೀಗರನ್ನು ಹಾಡಿನಲ್ಲಿ ಗೇಲಿ ಮಾಡುವ ಬೀಗರ ಹಾಡುಗಳಿದ್ದವು. ಆ ಕಡೆಯವರು ಒಂದು ಹಾಡು ಹೇಳಿದರೆ ಈ ಕಡೆಯವರು ಅದಕ್ಕೆ ಉತ್ತರ ಕೊಡಬೇಕು. ಮಂಗಳೂರಿನ ಕೊಂಕಣಿ ಕ್ರೈಸ್ತರ ರೋಸ್ ಶಾಸ್ತ್ರದಲ್ಲಿ, ತೆಂಗಿನ ಹಾಲು ಹಚ್ಚುವಾಗ, ಒಬ್ಬರು ವೊವಿಯೊ ಎಂಬ ಮದುವೆ ಹಾಡು ಎತ್ತಿಕೊಟ್ಟರೆ ಉಳಿದವರು ದನಿಗೂಡಿಸುತ್ತಾರೆ, ಜೊತೆಗೆ ಮಣ್ಣಿನ ಮಡಕೆಗೆ ಚರ್ಮ ಕಟ್ಟಿದ ಗುಮಟ್ ಇರುತ್ತದೆ. ಹಿಂದೆ ಅದಕ್ಕೆ ಉಡದ ಚರ್ಮ ಬಳಸುತ್ತಿದ್ದರು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅದು ಅಪರಾಧ, ಈಗ ಆಡಿನ ಚರ್ಮ ಕಟ್ಟುತ್ತಾರೆ. ತುಳುನಾಡಿನ ಗದ್ದೆಗಳಲ್ಲಿ ನೇಜಿ (ಭತ್ತದ ಸಸಿ) ನೆಡುವಾಗ ಹಾಡುವ ಓಬೇಲೆಯೂ ಇದೇ ಬಗೆ. ಒಬ್ಬರು ಸಾಲು ಹೇಳುತ್ತಾರೆ, ಎಲ್ಲರೂ ಸೊಲ್ಲು ಹಿಡಿಯುತ್ತಾರೆ.

ಇವೆಲ್ಲದರಲ್ಲೂ ಸೊಲ್ಲು ಸಭೆಯದ್ದು. ಪದ ಗೊತ್ತಿಲ್ಲದವರೂ ಎರಡನೇ ಸುತ್ತಿಗೆ ಸೇರಿಕೊಳ್ಳುತ್ತಾರೆ. ಮನೆಯಲ್ಲಿ ಬಲ್ಲ ಅಜ್ಜಿ, ದೊಡ್ಡಮ್ಮ ಯಾರಾದರೂ ಇದ್ದರೆ ಇದನ್ನು ಎಲ್ಲಕ್ಕಿಂತ ಮೇಲೆ ಇಡಿ, ಸ್ಯಾಕ್ಸೊಫೋನಿಗಿಂತಲೂ ಮೇಲೆ. ಬೀಗರ ಹಾಡಿಗೆ ಈ ಕಾಲದ ಸಾಲು ನೀವೇ ಕಟ್ಟಬಹುದು. ಮದುಮಗ ಬೆಳಗ್ಗೆ ಏಳುವುದು ತಡ, ಮದುಮಗಳ ಅಣ್ಣನಿಗೆ ಬೈಕಿನ ಮೇಲೆ ಪ್ರೀತಿ ಜಾಸ್ತಿ, ಇಷ್ಟು ಸಾಕು. ಬಣ್ಣ, ತೂಕ, ಕೊಟ್ಟದ್ದು ತಂದದ್ದು, ಹಳೆಯ ಸಂಬಂಧ ಯಾವುದೂ ಅದರಲ್ಲಿ ಬರಕೂಡದು. ಕಟ್ಟಿದ ಮೇಲೆ ಎರಡೂ ಮನೆಯ ಒಬ್ಬೊಬ್ಬ ಹಿರಿಯರಿಗೆ ಓದಿ ತೋರಿಸಿ. ಮಾಧ್ವರ ಮದುವೆಗಳಲ್ಲಿ ಹಾಡುವ ವಾದಿರಾಜರ ಲಕ್ಷ್ಮೀಶೋಭಾನೆಯಂಥವನ್ನು ಆಟದೊಳಗೆ ಸೇರಿಸಬೇಡಿ, ಅದು ಪ್ರಾರ್ಥನೆ.

ಬ್ಯಾರಿ ಮುಸ್ಲಿಮರ ಮದುವೆಗಳಲ್ಲಿ ದಫ್ ವಾದ್ಯದ, ಮೊಯ್ಲಾಂಜಿ (ಮದರಂಗಿ) ಹಾಡುಗಳ ಸೊಗಸೇ ಬೇರೆ. ಅಲ್ಲಿ ಗಂಡಸರು, ಹೆಂಗಸರು ಬೇರೆ ಬೇರೆ ಕೂತಿರಬಹುದು, ಕೆಲವು ಮನೆಯವರಿಗೆ ವಾದ್ಯ ಬೇಡವಿರಬಹುದು. ಮನೆಯವರನ್ನು ಕೇಳಿಯೇ ಮುಂದುವರಿಯಿರಿ. ಇದು ಎಲ್ಲ ಮದುವೆಗೂ ಅನ್ವಯಿಸುವ ಮಾತು. ವರ್ಷದೊಳಗೆ ಸಾವಾದ ಮನೆಯಾದರೆ ಆಟವೇ ಬೇಡ ಎನ್ನಬಹುದು, ಅದನ್ನು ಮೊದಲೇ ತಿಳಿದುಕೊಂಡಿರಬೇಕು.

ಹೊತ್ತು, ಶಬ್ದ, ಪರವಾನಗಿ

2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಧ್ವನಿವರ್ಧಕ ಹಾಕುವಂತಿಲ್ಲ. ಮುಚ್ಚಿದ ಸಭಾಂಗಣದ ಒಳಗೆ ವಿನಾಯಿತಿ ಇದೆ. ಮನೆಯಂಗಳದ ಚಪ್ಪರಕ್ಕೆ, ಮೈದಾನದ ಶಾಮಿಯಾನಕ್ಕೆ ಇಲ್ಲ. ಹಗಲಿಗೂ ಧ್ವನಿವರ್ಧಕಕ್ಕೆ ಲಿಖಿತ ಅನುಮತಿ ಬೇಕು. ಆಸ್ಪತ್ರೆ, ಶಾಲೆ, ಕೋರ್ಟುಗಳ ಸುತ್ತ 100 ಮೀಟರ್ ನಿಶ್ಶಬ್ದ ವಲಯ ಆಗಿರಬಹುದು, ಹಾಲ್ ಬುಕ್ ಮಾಡುವಾಗಲೇ ನೋಡಿಕೊಳ್ಳಿ. ಇನ್ನೊಂದು ವಿಷಯ, ಮದುವೆಯಲ್ಲಿ ಹಾಡು ಹಾಕಲು ಲೈಸೆನ್ಸ್ ತನ್ನಿ ಎಂದು ಕೆಲವು ಕಡೆ ಕೇಳುತ್ತಾರೆ. 1957ರ ಕೃತಿಸ್ವಾಮ್ಯ ಕಾಯ್ದೆಯ 52(1)(ಝಡ್‌ಎ) ಮದುವೆ ಮೆರವಣಿಗೆಗೂ ಮದುವೆಗೆ ಸಂಬಂಧಿಸಿದ ಸಮಾರಂಭಗಳಿಗೂ ವಿನಾಯಿತಿ ಕೊಟ್ಟಿದೆ. 2023ರ ಜುಲೈನಲ್ಲಿ ಕೇಂದ್ರ ಸರ್ಕಾರ ಇದನ್ನು ಸಾರ್ವಜನಿಕ ಪ್ರಕಟಣೆಯಲ್ಲಿ ಮತ್ತೆ ಸ್ಪಷ್ಟಪಡಿಸಿತು. ಆ ಪ್ರಕಟಣೆಯ ಒಂದು ಪ್ರತಿ ಫೋನಿನಲ್ಲಿ ಇಟ್ಟುಕೊಂಡರೆ ಒಳ್ಳೆಯದು.

ನಿಮ್ಮ ಹಾಲ್‌ಗೆ ಯಾವುದು?

ನೂರರ ಒಳಗಿನ ಮನೆ ಮದುವೆ, ಹಾಡು ಬಲ್ಲ ಹಿರಿಯರಿದ್ದಾರೆ ಎಂದಾದರೆ ಬೀಗರ ಹಾಡು ಅಥವಾ ಓಬೇಲೆ, ಮೈಕ್ ಬೇಕಾಗಿಯೇ ಇಲ್ಲ. ಮುನ್ನೂರು ಜನರವರೆಗೆ ಅಂತ್ಯಾಕ್ಷರಿ ಚೆನ್ನಾಗಿ ಹಿಡಿಯುತ್ತದೆ, ಅದರಾಚೆ ಹಿಂದಿನ ಸಾಲಿಗೆ ತಲಪುವುದಿಲ್ಲ. ಐನೂರು, ಎಂಟುನೂರು ಜನರ ದೊಡ್ಡ ಹಾಲ್‌ಗೆ ಸ್ಯಾಕ್ಸೊಫೋನ್ ತುಣುಕುಗಳು. ವಾದ್ಯ ಇಲ್ಲದಿದ್ದರೆ ಎರಡು ಪಾರ್ಸೆಲ್. ಮೇ ತಿಂಗಳ ಸೆಕೆಯಲ್ಲಿ, ಎಸಿ ಇಲ್ಲದ ಹಾಲ್‌ನಲ್ಲಿ ಕುಣಿಸುವ ಆಟ ಯಾವುದೂ ಬೇಡ. ಡಿಸೆಂಬರ್, ಜನವರಿಯ ಸಂಜೆ ಬಯಲಿನಲ್ಲಾದರೆ ತಾಸೆ ಇರಲಿ.

ಒಂದೇ ಆಟ ಇಟ್ಟುಕೊಳ್ಳಿ, ಹೆಚ್ಚೆಂದರೆ ಎರಡು. ಅಡುಗೆಯವರಿಗೂ ಫೋಟೊದವರಿಗೂ ಹೊತ್ತು ತಿಳಿಸಿ. ಮದುಮಕ್ಕಳ ಕಾರು ಗೇಟಿಗೆ ಬಂತು ಎಂದು ಯಾರಾದರೂ ಬಂದು ಕಿವಿಯಲ್ಲಿ ಹೇಳುವ ಏರ್ಪಾಡು ಇರಲಿ. ಆ ಸುದ್ದಿ ಬಂದ ಕೂಡಲೇ ಅರ್ಧದಲ್ಲಿದ್ದರೂ ಆಟ ನಿಲ್ಲಿಸಿ, ವಾದಕರಿಗೆ ಕಣ್ಸನ್ನೆ ಮಾಡಿ. ಅವರು ಊದಲಿರುವ ಮುಂದಿನ ಹಾಡು ಯಾವುದೆಂದು ಅಷ್ಟು ಹೊತ್ತಿಗೆ ಇಡೀ ಹಾಲ್ ಕಿವಿಗೊಟ್ಟು ಕೂತಿರುತ್ತದೆ.